ಸಂಜೆ ಆರರ ನರ್ಸಮ್ಮ

ನರ್ಸಮ್ಮನ ಎಡಗಿವಿಯಲ್ಲಿ ಒಂದು ಚಿನ್ನದ ಓಲೆ ಇತ್ತು. ಬಲಗಿವಿಯಲ್ಲಿ ಏನೂ ಇರಲಿಲ್ಲ. ಚುಚ್ಚಿದ ತೂತು ಕೂಡ ಮುಚ್ಚಿಕೊಂಡು ಎಳ್ಳಿನಷ್ಟು ಗುರುತು ಮಾತ್ರ ಉಳಿದಿತ್ತು. ಮೊದಲ ಸಲ ನೋಡಿದವರು ಪಾಪ, ಒಂದು ಓಲೆ ಕಳೆದುಕೊಂಡಿದ್ದಾರೆ ಅಂದುಕೊಳ್ಳುತ್ತಿದ್ದರು. ಚಿಕ್ಕವನಿದ್ದಾಗ ನಾನು ಅದನ್ನು ಹುಡುಕಿಕೊಡಲು ಹೋಗಿ ಬೈಸಿಕೊಂಡಿದ್ದೇನೆ. ಬಲಗಿವಿ ಅವರ ಕೆಲಸದ ಕಿವಿ. ಮೂವತ್ತಕ್ಕೂ ಹೆಚ್ಚು ವರ್ಷ ತಿಪಟೂರು ಸೀಮೆಯ ಬಸುರಿಯರ ಹೊಟ್ಟೆಯ ಮೇಲೆ ಮರದ ಕೊಳವೆಯೊಂದನ್ನು ಇಟ್ಟು, ಅದರ ಇನ್ನೊಂದು ತುದಿಗೆ ಈ ಕಿವಿ ಒತ್ತಿ, ಒಳಗಿನ ಮಗುವಿನ ಎದೆಬಡಿತ ಕೇಳಿದವರು ಅವರು. ಓಲೆ ಇದ್ದರೆ ಕೊಳವೆಗೆ ತಾಗಿ ಟಿಕ್ ಅನ್ನುತ್ತದೆ, ಮಗು ಹೇಳೋದು ಕೇಳಿಸೋದಿಲ್ಲ ಎಂದು ಬಿಚ್ಚಿಟ್ಟವರು ನಿವೃತ್ತಿಯಾದ ಮೇಲೂ ಹಾಕಿಕೊಳ್ಳಲಿಲ್ಲ.

"ಈಗಾದ್ರೂ ಹಾಕ್ಕಳಿ ನರ್ಸಮ್ಮ," ಎಂದು ನಾನು ಕಾಡುತ್ತಿದ್ದೆ. "ಈ ಕಡೆಯಿಂದ ನೋಡಿದ್ರೆ ಮದುಮಗಳು, ಆ ಕಡೆಯಿಂದ ನೋಡಿದ್ರೆ ಪೈಲ್ವಾನು."

"ಪೈಲ್ವಾನೇ ಕಣ್ಲಾ. ನಿನ್ನನ್ನ ಈಚೆಗೆ ಎಳ್ದಿದ್ದು ಇದೇ ಕೈ. ತಲೆ ಬರೋಕೆ ಮುಂಚೆ ಬಾಯಿ ಬಂದಿತ್ತು ನಿಂದು."

ಅದು ಸುಳ್ಳಿರಲಾರದು. ನಾನು ಗೂಡ್ಸ್ ಆಟೋ ಓಡಿಸುವವನು. ಹಳ್ಳಿಗಳ ತೋಟದಿಂದ ಕಾಯಿ, ಅಟ್ಟದಿಂದ ಇಳಿಸಿದ ಕೊಬ್ಬರಿ ತುಂಬಿಕೊಂಡು ತಿಪಟೂರಿಗೆ ತರುವುದು ನನ್ನ ಹೊಟ್ಟೆಪಾಡು. ಮಿಮಿಕ್ರಿ ನನ್ನ ರೋಗ. ಹೊನ್ನವಳ್ಳಿ ಬಸ್ಸಿನ ಕಂಡಕ್ಟರು, ಕೊಬ್ಬರಿ ವ್ಯಾಪಾರಿಯ ಕೆಮ್ಮು, ನಮ್ಮವ್ವ ಸೀನುವ ಮುಂಚೆ ದೇವರನ್ನು ಕರೆಯುವ ರೀತಿ, ಎಲ್ಲವೂ ನನ್ನ ಬಾಯಲ್ಲಿವೆ. ನನ್ನ ಮದುವೆಯಲ್ಲಿ ಪುರೋಹಿತರ ಧ್ವನಿಯಲ್ಲೇ ಅವರಿಗೆ ಮಂತ್ರ ತಿರುಗಿ ಹೇಳಿ ಅರ್ಧ ಮಂಟಪದಿಂದ ಉಗಿಸಿಕೊಂಡಿದ್ದೆ. ಫೋನ್ ಮಾಡಿದರೆ ನನ್ನ ಹೆಂಡತಿ ಮೊದಲು ಕೇಳುವುದು "ಈಗ ಮಾತಾಡ್ತಿರೋದು ಯಾರ್ರೀ?" ಎಂದು. ನನ್ನದೇ ಅಂತ ಒಂದು ಧ್ವನಿ ಇದ್ದರೆ ಅದನ್ನು ನಾನೂ ಸರಿಯಾಗಿ ಕೇಳಿಲ್ಲ.

ನರ್ಸಮ್ಮ ನಮ್ಮ ಬೀದಿಯ ಕೊನೆಯ ಮನೆಯವರು. ಮುಂದೆ ಅವರ ತಮ್ಮನ ಟೈಲರ್ ಅಂಗಡಿ, ಹಿಂದೆ ಮನೆ. ಅವರು ಮದುವೆಯಾಗಲಿಲ್ಲ. ತಮ್ಮನನ್ನು ಇಡೀ ಬೀದಿ ಭಾಯಿ ಅನ್ನುತ್ತಿತ್ತು. ಆತ ಅಕ್ಕನನ್ನು ಆಪಾ ಅನ್ನುತ್ತಿದ್ದ. ನರ್ಸಮ್ಮನ ತಲೆಯ ಮೇಲೆ ಸೆರಗು, ದವಡೆಯಲ್ಲಿ ಸದಾ ಒಂದು ಲವಂಗ. ಮಾತಿಗೆ ಮುಂಚೆ ಗಂಟಲಲ್ಲಿ ಸಣ್ಣಗೆ "ಹ್ಞಾಂ" ಎಂದು ಒಂದು ಸದ್ದು ಬರುತ್ತಿತ್ತು, ಮಿಷನ್ನಿನ ಪೆಡಲು ಒತ್ತಿದ ಹಾಗೆ. ಆಮೇಲೆ ಮಾತು.

ಆ ಮಾತಲ್ಲಿ ಹೆಚ್ಚು ಸಲ ಬರುತ್ತಿದ್ದದ್ದು "ಬುಡು". ನಮ್ಮ ಕಡೆ ಎಲ್ಲರೂ ಬಿಡು ಅನ್ನುವುದನ್ನು ಬುಡು ಅನ್ನುತ್ತೇವೆ. ಆದರೆ ನರ್ಸಮ್ಮನ ಬಾಯಲ್ಲಿ ಅದೊಂದು ಔಷಧಿ ಪೆಟ್ಟಿಗೆ. ನೋವು ತಿನ್ನುವ ಹೆಂಗಸಿಗೆ "ಉಸ್ರು ತಗೊ, ಬುಡು" ಅಂದರೆ ಉಸಿರು. ಬೆಡ್ಡಿನ ಕಂಬಿ ಹಿಡಿದುಕೊಂಡವಳಿಗೆ "ಬುಡವ್ವಾ" ಅಂದರೆ ಕೈ ಸಡಿಲಿಸು. ಬಾಗಿಲಲ್ಲಿ ಗಲಾಟೆ ಮಾಡುವ ಗಂಡನಿಗೆ "ಬುಡು ಬುಡು" ಅಂದರೆ ದಾರಿ ಬಿಡು, ಆಚೆ ನಡಿ. ಮಗು ಉಳಿಯದೆ ಹೋದವಳ ತಲೆಯನ್ನು ತಮ್ಮ ಹೊಟ್ಟೆಗೆ ಆನಿಸಿಕೊಂಡು "ಬುಡು" ಅನ್ನುತ್ತಿದ್ದರಂತೆ. ಆಗ ಅದಕ್ಕೆ ಏನರ್ಥವೋ, ಹೇಳಿಸಿಕೊಂಡವರಿಗೇ ಗೊತ್ತು.

ನಮ್ಮ ಮೊದಲ ಮಗುವಿನ ಹೊತ್ತಿಗೆ ಅವರು ಊರಲ್ಲಿರಲಿಲ್ಲ, ಹಜ್‌ಗೆ ಹೋಗಿದ್ದರು. ಮಗು ಹೊಟ್ಟೆಯಲ್ಲಿ ತಿರುಗಿ ಕೂತಿತ್ತು, ತಲೆ ಮೇಲೆ, ಕುಂಡೆ ಕೆಳಗೆ. ಆಪರೇಷನ್ ಆಯಿತು. ಮಗಳು ಚೆನ್ನಾಗಿದ್ದಳು. ಹೆಂಡತಿ ಚೆನ್ನಾಗಿದ್ದಾಳೆ ಎಂದು ನಾವೆಲ್ಲ ತೀರ್ಮಾನಿಸಿದೆವು. ಮಗುವಿನ ಮುಖ ಒಂದು ಗಳಿಗೆ ತೋರಿಸಿ ಎತ್ತಿಕೊಂಡು ಹೋದರು, ಮತ್ತೆ ಕೈಗೆ ಬರುವ ಹೊತ್ತಿಗೆ ಅದು ಬೇರೆ ಯಾರದೋ ಮಗುವಿನ ಥರ ಕಾಣುತ್ತಿತ್ತು ಎಂದು ಅವಳು ಬಹಳ ದಿನದ ಮೇಲೆ ಹೇಳಿದಳು. ಹೇಳಿದ್ದು ನನಗಲ್ಲ, ನರ್ಸಮ್ಮನಿಗೆ.

ನಮ್ಮವ್ವ ಐದು ಹೆತ್ತವಳು. ನೋಡಲು ಬಂದವರ ಮುಂದೆ ಒಂದು ದಿನ, "ನಾವೆಲ್ಲ ಹೆತ್ತೋ ಕಣವ್ವ, ಇವ್ಳು ಕೊಯ್ಸ್ಕಂಡ್ಳು" ಅಂದುಬಿಟ್ಟಳು. ನನಗೆ ಆ ಧಾಟಿ ಬಹಳ ಹಿಡಿಸಿತು. ಕೊನೆಯಲ್ಲಿ ತುಟಿ ಒಂದು ಕಡೆ ಎಳೆಯುವುದೂ ಸೇರಿ, ನಾಮಕರಣದಲ್ಲಿ, ನೆಂಟರ ಮನೆಯಲ್ಲಿ, ಎಲ್ಲಿ ನಾಲ್ಕು ಜನ ಸೇರಿದರೂ ಅವ್ವನನ್ನು ಅಣಕಿಸಿ ನಗಿಸಿದೆ. ಹೆಂಡತಿಯೂ ನಗುತ್ತಿದ್ದಳು. ಅವ್ವನನ್ನು ಗೇಲಿ ಮಾಡಿ ಹೆಂಡತಿಯ ಪಕ್ಷ ವಹಿಸಿದ್ದೇನೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡಿದ್ದೆ.

ಒಂದು ದಿನ ಭಾಯಿಯ ಅಂಗಡಿಯಲ್ಲಿ ಅದನ್ನೇ ಮಾಡಿದೆ. ನರ್ಸಮ್ಮ ಒಳಗಿಂದ ಬಂದರು. ನಗಲಿಲ್ಲ.

"ಹ್ಞಾಂ. ನಿಮ್ಮವ್ವ ಎಷ್ಟ್ ಸಲ ಅಂದ್ಳು ಆ ಮಾತ್ನ?"

"ಒಂದ್ಸಲ."

"ನೀನು?"

ನಾನು ಲೆಕ್ಕ ಹಾಕಲು ಬೆರಳು ಎತ್ತಿ ಸುಮ್ಮನೆ ಇಳಿಸಿದೆ. ಅದಾದ ಮೇಲೆ ಆ ಐಟಂ ನಿಲ್ಲಿಸಿದೆ. ತಡವಾಗಿ ನಿಲ್ಲಿಸಿದೆ.

ಮೂರು ವರ್ಷದ ಮೇಲೆ ಎರಡನೆಯದು ನಿಂತಾಗ ಹೆಂಡತಿ ಮೊದಲು ಹೋಗಿದ್ದು ಕೊನೆಯ ಮನೆಗೆ. ನಾನು ಹಿಂದೆ ನಿಂತಿದ್ದೆ.

"ಈ ಸಲ ನಾನೇ ಹೆರ್ಬೇಕು ನರ್ಸಮ್ಮ," ಅಂದಳು.

"ಹೋದ್ಸಲ ಯಾರ್ ಹೆತ್ರವ್ವ? ನಿನ್ ಗಂಡನಾ?"

"ಆಪರೇಷನ್ ಬ್ಯಾಡ. ನಾರ್ಮಲ್ ಆಗಲ್ವಾ? ಒಂದ್ಸಲ ಕೊಯ್ದ ಮ್ಯಾಕೆ ಆಗದೇ ಇಲ್ಲ ಅಂತಾರೆ ಎಲ್ರೂ."

ನರ್ಸಮ್ಮ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. "ಆಗುತ್ತೆ. ಸುಮಾರು ಜನಕ್ಕೆ ಆಗುತ್ತೆ. ಎಲ್ರಿಗೂ ಆಗಲ್ಲ. ಹೋದ್ಸಲ ಮಗು ತಿರುಗಿ ಕೂತಿತ್ತು ಅಂತ ಕೊಯ್ದ್ರು, ನಿನ್ ದೇಹದಾಗೆ ಏನೋ ಊನ ಇತ್ತು ಅಂತಲ್ಲ. ಅದು ಒಳ್ಳೇದು. ನಡುವೆ ಮೂರು ವರ್ಷ ಆಗೈತೆ, ಅದೂ ಒಳ್ಳೇದು. ಆದ್ರೆ ಒಳಗಿನ ಗಾಯ ಯಾವ ಕಡೆ ಕೊಯ್ದವ್ರೆ ಅಂತ ಕಾಗದ ಬೇಕು."

ಹೆಂಡತಿ ಸೆರಗು ಸರಿಸಿ ಹೊಟ್ಟೆಯ ಮೇಲಿನ ಅಡ್ಡ ಗಾಯ ತೋರಿಸಿದಳು. ನರ್ಸಮ್ಮ ಅದನ್ನು ನೋಡಲೇ ಇಲ್ಲ. ಹೊರಗೆ ಮಿಷನ್ ತುಳಿಯುತ್ತಿದ್ದ ತಮ್ಮನ ಕಡೆ ಕೈ ತೋರಿಸಿ, "ಕೋಟಿನ ಮೇಲಿನ ಹೊಲಿಗೆ ನೋಡಿ ಅಸ್ತರಿನ ಹೊಲಿಗೆ ಹೇಳಾಕೆ ನನ್ ತಮ್ಮನ ಕೈಲೂ ಆಗಲ್ಲ," ಅಂದರು. "ಕಾಗದ ತಗಂಬಾ."

ಕಾಗದ ಎಲ್ಲಿತ್ತು? ಬಚ್ಚಲೊಲೆಯಲ್ಲಿ. ಆಸ್ಪತ್ರೆಯ ಪೀಡೆ ಮನೆಯಲ್ಲಿರಬಾರದೆಂದು ಅವ್ವ ಆ ಫೈಲನ್ನು ತೆಂಗಿನ ಸಿಪ್ಪೆಯ ಜೊತೆ ಹಂಡೆಯ ಕೆಳಗೆ ತುರುಕಿದ್ದಳು. ಅದರಲ್ಲೇ ಕಾದ ನೀರಲ್ಲಿ ಬಾಣಂತಿಗೆ ಎರೆದಿದ್ದಳು. ನಾನಂತೂ ಆ ನೀರಲ್ಲಿ ಎರಡು ಚೊಂಬು ಹೆಚ್ಚೇ ಸುರಿದುಕೊಂಡಿದ್ದೆ.

ನರ್ಸಮ್ಮ ಬೈಯಲಿಲ್ಲ. ನನ್ನ ಗೂಡ್ಸ್ ಆಟೋದಲ್ಲಿ ಪಕ್ಕಕ್ಕೆ ಹತ್ತಿ ಕೂತು ಮೊದಲ ಹೆರಿಗೆಯಾಗಿದ್ದ ನರ್ಸಿಂಗ್ ಹೋಮಿಗೆ ಬಂದರು. ಒಂದು ದಿನವಲ್ಲ, ಮೂರು ದಿನ. ಹಳೆಯ ದಾಖಲೆ ಹುಡುಕುವವರಿಗೆ ಪುರಸೊತ್ತಾಗುವ ತನಕ ಬೆಂಚಿನ ಮೇಲೆ ಕೂತು ಲವಂಗ ಜಗಿದರು. ಸೊಂಟ ಹಿಡಿದುಕೊಂಡಿತ್ತು. "ಹೋಗಣ ಬನ್ನಿ ನರ್ಸಮ್ಮ, ಡಾಕ್ಟರ್ ಏನೋ ಒಂದು ಅಂದಾಜು ಮಾಡ್ಕತಾರೆ" ಎಂದೆ. "ಅಂದಾಜಲ್ಲಿ ಅಂಗಿ ಹೊಲೀಬೋದು," ಅಂದರು. ಮೂರನೇ ದಿನ ನಕಲು ಸಿಕ್ಕಿತು. ಒಳಗೂ ಅಡ್ಡ ಕೊಯ್ತ, ಕೆಳಭಾಗದಲ್ಲಿ. ನರ್ಸಮ್ಮ ಆ ಕಾಗದವನ್ನು ಎರಡು ಸಲ ಓದಿ, ಮಡಿಸಿ, ರವಿಕೆಯೊಳಗೆ ಇಟ್ಟುಕೊಂಡರು. "ನಿಮ್ಮವ್ವನ ಕೈಗೆ ಸಿಗದ ಜಾಗ ಇದೊಂದೇಯ."

ತುಮಕೂರಿನ ಒಂದು ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಅವರೇ ಕರೆದುಕೊಂಡು ಹೋದರು. ಕೂಡಲೇ ಆಪರೇಷನ್ ಮಾಡುವ ಅನುಕೂಲ, ರಕ್ತ, ಹಗಲು ರಾತ್ರಿ ಡಾಕ್ಟರು ಇಲ್ಲದ ಕಡೆ ಈ ಹೆರಿಗೆ ಬೇಡವೇ ಬೇಡ ಎನ್ನುವುದು ನರ್ಸಮ್ಮನ ಹಟ. ಹಳೆಯ ಹೊಲಿಗೆ ನೋವಿನಲ್ಲಿ ಬಿಟ್ಟುಕೊಳ್ಳುವುದು ಅಪರೂಪ, ಆದರೆ ಬಿಟ್ಟುಕೊಂಡರೆ ತಾಯಿಗೂ ಮಗುವಿಗೂ ಸಮಯ ಇರುವುದಿಲ್ಲ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ನನ್ನ ಮುಖ ನೋಡಿ ನರ್ಸಮ್ಮ, "ಈಗ ಯಾರ್ದಾದ್ರೂ ಧ್ವನಿ ಮಾಡು ನೋಡಾಣ," ಅಂದರು. ಆಗಲಿಲ್ಲ.

ವಾಪಸು ಬಂದು ಒಂದು ನೋಟ್‌ಬುಕ್ ತೆಗೆದರು. ಎಡಗಡೆ ಪುಟದಲ್ಲಿ ಎಲ್ಲ ಸರಿಹೋದರೆ ಹೇಗೆ, ಬಲಗಡೆ ಪುಟದಲ್ಲಿ ನಿಲ್ಲಿಸಿ ಆಪರೇಷನ್ ಮಾಡಬೇಕಾಗಿ ಬಂದರೆ ಹೇಗೆ. ಎಡಗಡೆ ಪುಟವನ್ನು ಹೆಂಡತಿ ದುಂಡಗೆ ತುಂಬಿಸಿದಳು. ಬಲಗಡೆ ಪುಟಕ್ಕೆ ಪೆನ್ನು ಊರಲಿಲ್ಲ. "ಬರದ್ರೆ ಹಂಗೇ ಆಗುತ್ತೆ," ಅಂದಳು.

"ಹಂಗಾರೆ ಬುಡು, ನಾನ್ ಬರೀತೀನಿ." ತಾವೇ ಬರೆದರು: ಡಾಕ್ಟರು ನಿಲ್ಲಿಸಿ ಅಂದರೆ ನಿಲ್ಲಿಸುವುದು. ಮಗುವನ್ನು ಕೂಡಲೇ ತಾಯಿಯ ಎದೆಯ ಮೇಲೆ ಇಡುವುದು, ಆಮೇಲೆ ಮಿಕ್ಕಿದ್ದು. ಆಚೆ ಬಂದ ಮೇಲೆ ಯಾರೂ ಏನೂ ಅನ್ನಬಾರದು. ಕೊನೆಯ ಸಾಲು ಬರೆಯುವಾಗ ನನ್ನನ್ನು ನೋಡಿದರು.

"ಡಾಕ್ಟರ್ ನಿಲ್ಸಿ ಅಂದ್ರೆ ನಾನ್ ನಂಬಲ್ಲ," ಅಂದಳು ಹೆಂಡತಿ. "ನೀವ್ ಹೇಳಿದ್ರೆ ನಂಬ್ತೀನಿ."

"ಪಕ್ಕದಾಗೆ ನಾನೇ ಇರ್ತೀನಲ್ಲ. ನಾನೇ ನಿನ್ ಕಿವೀಲಿ ಹೇಳ್ತೀನಿ."

ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಹೆಂಡತಿ ಮಗಳ ಜೊತೆ ತವರಿಗೆ ಹೋದಳು, ಶೆಟ್ಟಿಕೆರೆಗೆ. ಅಂದಿನಿಂದ ಸಂಜೆ ಆರಕ್ಕೆ ನರ್ಸಮ್ಮನ ಫೋನು ತಪ್ಪಲಿಲ್ಲ. "ಹ್ಞಾಂ. ಏನವ್ವಾ, ಎಷ್ಟ್ ಸಲ ಒದೀತು?" ಮಗು ಎಷ್ಟು ಸಲ ಒದ್ದಿತು, ಊಟ ಏನು, ಕಾಲು ಊದಿದೆಯಾ. ಆಮೇಲೆ ಉಸಿರಿನ ಪಾಠ. ನಾನು ಅಂಗಡಿಯ ಮುಂದೆ ಆಟೋ ನಿಲ್ಲಿಸಿ ಕೇಳುತ್ತಿದ್ದೆ. ಭಾಯಿ ಮಿಷನ್ ನಿಲ್ಲಿಸುತ್ತಿದ್ದ. "ಉಸ್ರು ತಗೊ... ತಡಿ... ಬುಡು." ಆ ಹೊತ್ತಿಗೆ ಬೀದಿಯಲ್ಲಿ ನಾವು ಇಬ್ಬರು ಗಂಡಸರೂ ಹೆರಿಗೆಗೆ ತಯಾರಾಗುತ್ತಿದ್ದೆವು.

ಒಂಬತ್ತು ತುಂಬುತ್ತಿದ್ದ ಹೊತ್ತಿಗೆ ಒಂದು ಶುಕ್ರವಾರ ನಾನು ಹೊನ್ನವಳ್ಳಿಯ ತೋಟವೊಂದರಲ್ಲಿ ಕಾಯಿ ತುಂಬಿಸುತ್ತಿದ್ದೆ. ಭಾಯಿಯ ಫೋನ್ ಬಂತು.

"ಆಪಾ ಹೋಗ್ಬುಟ್ರು ಕಣಪ್ಪ."

ಎಲ್ಲಿಗೆ ಎಂದು ಕೇಳಿದೆ. ಅಷ್ಟು ದಡ್ಡನಾಗಿದ್ದೆ.

ಬೆಳಿಗ್ಗೆ ಚಾ ಕುಡಿದು ಲೋಟ ಇಡಲು ಬಗ್ಗಿದವರು ಮೇಲೇಳಲಿಲ್ಲವಂತೆ. ಎದೆ ನಿಂತುಹೋಗಿತ್ತು. "ಮಧ್ಯಾಹ್ನ ನಮಾಜ್ ಆದ್ಮೇಲೆ ಎತ್ತೋದು. ನೀನ್ ಬಂದು ಒಂದ್ ಹೆಗಲು ಕೊಡಪ್ಪ. ಮಕ್ಕಳಿಲ್ದೋಳು. ಇನ್ಯಾರನ್ ಕೇಳ್ಲಿ?"

ಬಸುರಿಯ ಗಂಡ ಹೆಣ ನೋಡಬಾರದು, ಹೆಣಕ್ಕೆ ಹೆಗಲು ಕೊಡಬಾರದು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ನಾನು ಇಂಥವನ್ನೆಲ್ಲ ಅಣಕಿಸಿ ನಗಿಸುವವನು. ಅವತ್ತು ಕಾಯಿ ರಾಶಿಯ ಪಕ್ಕ ನಿಂತು, ನಾಳೆ ಹೆರಿಗೆಯಲ್ಲಿ ಏನಾದರೂ ಆದರೆ ಅಂತ ಯೋಚಿಸಿದೆ. ನನಗೆ ಆ ನಂಬಿಕೆ ಇರಲಿಲ್ಲ. ಅದನ್ನು ಮೀರುವ ಧೈರ್ಯವೂ ಇರಲಿಲ್ಲ.

"ಮಾಯಸಂದ್ರದಿಂದ ಆಚೆ ಲೋಡಲ್ಲಿದೀನಿ ಭಾಯಿ," ಅಂದೆ. "ಅಷ್ಟೊತ್ಗೆ ಬರಾಕಾಗಲ್ಲ."

"ಹೌದಾ. ಆಯ್ತಪ್ಪ. ಹುಷಾರಾಗಿ ಬಾ," ಅಂದ. ಅಕ್ಕ ಸತ್ತ ದಿನ ನನಗೆ ಹುಷಾರು ಅಂದ.

ಅರ್ಧ ಗಂಟೆ ಓಡಿಸಿದ್ದರೆ ಸಾಕಿತ್ತು. ಇಡೀ ಮಧ್ಯಾಹ್ನ ತೋಟದಲ್ಲೇ ಕೂತೆ. ಅಷ್ಟರಲ್ಲಿ ಅತ್ತೆಯ ಫೋನು, ಅವ್ವನ ಫೋನು. ಇಬ್ಬರದೂ ಒಂದೇ ಮಾತು. ಬಸುರಿಗೆ ಸಾವಿನ ಸುದ್ದಿ ಮುಟ್ಟಿಸಬಾರದು.

ಆರು ಗಂಟೆ ದಾಟಿ ಹತ್ತು ನಿಮಿಷಕ್ಕೆ ಹೆಂಡತಿಯ ಫೋನ್ ಬಂತು. "ರೀ, ನರ್ಸಮ್ಮ ಇವತ್ತು ಮಾಡ್ಲೇ ಇಲ್ಲ."

"ಅವ್ರ್ ಫೋನು ನೀರಿನ ತೊಟ್ಟಿಗೆ ಬಿತ್ತಂತೆ ಕಣೇ. ನನ್ ಫೋನಲ್ಲಿ ಮಾಡ್ತಾರೆ ತಡಿ."

ಇಷ್ಟು ಬೇಗ ಸುಳ್ಳು ಹೊಳೆಯುವ ನಾಲಿಗೆ ನನ್ನದು. ಕೆರೆ ಏರಿಯ ಮೇಲೆ ಆಟೋ ನಿಲ್ಲಿಸಿ, ಗಾಜು ಏರಿಸಿ, ನಂಬರ್ ಒತ್ತಿದೆ. ನರ್ಸಮ್ಮನ ಧ್ವನಿ ನನಗೆ ಹೊಸದಲ್ಲ, ಅವರ ಮುಂದೆಯೇ ಎಷ್ಟೋ ಸಲ ಮಾಡಿದ್ದೆ. ಅವರು ಚಪ್ಪಲಿ ಹುಡುಕುವಂತೆ ನಟಿಸುತ್ತಿದ್ದರು. ಅದು ಮೂಗಿನ ಬುಡದಿಂದ ಬರುವ ಧ್ವನಿ, ಸ್ವಲ್ಪ ಒಡೆದದ್ದು, ವಾಕ್ಯದ ಕೊನೆ ಇಳಿಯುವುದಿಲ್ಲ.

"ಹ್ಞಾಂ. ಏನವ್ವಾ, ಎಷ್ಟ್ ಸಲ ಒದೀತು?"

"ಹನ್ನೊಂದು ನರ್ಸಮ್ಮ," ಅಂದಳು ಹೆಂಡತಿ. ಆಮೇಲೆ ಕಾಲೂತದ ವಿಷಯ ಹೇಳಿದಳು, ಅವಳಮ್ಮ ಉಪ್ಪು ಕಮ್ಮಿ ಹಾಕುತ್ತಿಲ್ಲ ಎಂದು ದೂರಿದಳು. ನಾನು ಉಸಿರಿನ ಪಾಠ ಮಾಡಿದೆ. ತಗೊ, ತಡಿ, ಬುಡು. ಫೋನ್ ಇಟ್ಟ ಮೇಲೆ ಗಾಜು ಇಳಿಸಿ ಗಾಡಿ ಶುರುಮಾಡಿದೆ.

ಮಾರನೇ ದಿನ ಅಂಗಡಿಯಲ್ಲಿ ಲವಂಗ ಕೊಂಡೆ. ದವಡೆಯಲ್ಲಿ ಅದಿದ್ದರೆ ಧ್ವನಿ ಇನ್ನೂ ಚೆನ್ನಾಗಿ ಕೂರುತ್ತಿತ್ತು. ಎಂಟು ಸಂಜೆ ಹೀಗೆ ನಡೆಯಿತು. ಹಗಲೆಲ್ಲ ಕಾಯಿ ಹೊತ್ತು, ಆರು ಗಂಟೆಗೆ ಸತ್ತವರಾಗಿ ಬದುಕಿದೆ. ಒಂದು ಸಂಗತಿ ಒಪ್ಪಿಕೊಳ್ಳಬೇಕು: ಆ ಹತ್ತು ನಿಮಿಷ ನನಗೆ ಅವರು ಸತ್ತಿಲ್ಲ ಅನ್ನಿಸುತ್ತಿತ್ತು. ಫೋನ್ ಇಟ್ಟ ಕೂಡಲೇ ಸಾಯುತ್ತಿದ್ದರು, ದಿನಾ ಹೊಸದಾಗಿ. ಭಾಯಿಯ ಅಂಗಡಿಯ ಮುಂದೆ ಹಾಯಬಾರದೆಂದು ಹಿಂದಿನ ಬೀದಿಯಿಂದ ಮನೆಗೆ ಹೋಗುತ್ತಿದ್ದೆ.

ಒಂಬತ್ತನೇ ದಿನ, ಡಾಕ್ಟರಮ್ಮ ಮೊದಲೇ ಹೇಳಿದ್ದ ಪ್ರಕಾರ, ತುಮಕೂರಿಗೆ ಹೋಗಿ ಹೆಂಡತಿಯನ್ನು ಸೇರಿಸಿದೆವು. ಅತ್ತೆ ಜೊತೆಗಿದ್ದರು. "ನರ್ಸಮ್ಮ?" ಎಂದಳು ಹೆಂಡತಿ. ಮಂಡಿ ಉಳುಕಿದೆ, ನೋವು ಶುರುವಾದ ಕೂಡಲೇ ಕಾರಲ್ಲಿ ಬರುತ್ತಾರೆ, ನನ್ನ ಫೋನು ಅವರ ಹತ್ತಿರವೇ ಬಿಟ್ಟು ಬಂದಿದ್ದೇನೆ ಅಂದೆ. ಅತ್ತೆ ಗೋಡೆ ನೋಡಿದರು. ಆ ಸಂಜೆ ಆರಕ್ಕೆ ಆಸ್ಪತ್ರೆಯ ಹಿಂದೆ ಜನರೇಟರಿನ ಪಕ್ಕ ನಿಂತು, ಎರಡು ಮಹಡಿ ಮೇಲಿದ್ದ ನನ್ನ ಹೆಂಡತಿಗೆ ತಿಪಟೂರಿನಿಂದ ಫೋನ್ ಮಾಡಿದೆ.

ಸೋಮವಾರ ಬೆಳಿಗ್ಗೆ ತಾನಾಗಿಯೇ ನೋವು ಬಂತು. ಮಧ್ಯಾಹ್ನದ ತನಕ ಎಲ್ಲ ಎಡಗಡೆ ಪುಟದಲ್ಲಿದ್ದ ಹಾಗೇ ನಡೆಯಿತು. ಅತ್ತೆ ಆಗಾಗ ಹೊರಗೆ ಬಂದು, "ಚೆನ್ನಾಗ್ ಉಸ್ರು ಬುಡ್ತಾವ್ಳೆ" ಅನ್ನುತ್ತಿದ್ದರು. ಹೊಟ್ಟೆಗೆ ಪಟ್ಟಿ ಕಟ್ಟಿ ಮಿಷನ್ ಹಚ್ಚಿದ್ದರಂತೆ. ಮಗುವಿನ ಎದೆಬಡಿತ ಹೊರಗಿನ ಬೆಂಚಿಗೂ ಕೇಳುತ್ತಿತ್ತು, ಕುದುರೆ ಓಡುವ ಹಾಗೆ. ನಾನು ಅದನ್ನೂ ನಾಲಿಗೆಯಲ್ಲಿ ಮಾಡಿ ನೋಡಿಕೊಂಡೆ. ಅಭ್ಯಾಸ ಬಲ.

ಎರಡು ಗಂಟೆಯ ಸುಮಾರಿಗೆ ಕುದುರೆ ಎಡವಿತು. ನನಗೇ ಗೊತ್ತಾಯಿತು. ನಡಿಗೆಗೆ ಇಳಿಯುತ್ತಿತ್ತು, ನಿಧಾನವಾಗಿ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಡಾಕ್ಟರಮ್ಮ ಹೊರಗೆ ಬಂದರು.

"ನೋವು ಬಂದಾಗ ಮಗುವಿನ ಎದೆಬಡಿತ ಬೀಳ್ತಾ ಇದೆ, ಬೇಗ ಮೇಲೆ ಬರ್ತಿಲ್ಲ. ನೋವಿಲ್ಲದಾಗಲೂ ಹಳೇ ಹೊಲಿಗೆ ಹತ್ರ ಉರಿ ಅಂತಿದ್ದಾರೆ. ಈಗಲೇ ಆಪರೇಷನ್ ಮಾಡಬೇಕು. ಆದರೆ ಅವರು ಒಪ್ತಿಲ್ಲ. ನರ್ಸಮ್ಮ ಬರಲಿ, ಅವರು ಹೇಳಲಿ ಅಂತಿದ್ದಾರೆ. ಎಲ್ಲಿದ್ದಾರೆ ಅವರು? ಕಾಯೋಕೆ ಟೈಮಿಲ್ಲ."

"ಫೋನಲ್ಲಿ ಸಿಕ್ತಾರೆ," ಎಂದೆ. "ಎರಡು ನಿಮಿಷ ಕೊಡಿ. ನಮ್ಮತ್ತೆ ಫೋನು ಅವಳ ಕಿವಿಗೆ ಇಡಿ."

ಮೆಟ್ಟಿಲ ತಿರುವಿಗೆ ಓಡಿದೆ. ಜೇಬಲ್ಲಿ ಲವಂಗ ಇರಲಿಲ್ಲ. ಆ ಕಡೆಯಿಂದ ಹೆಂಡತಿಯ ಉಸಿರು ಕೇಳಿಸಿತು, ಅದರ ಹಿಂದೆ ಎಡವುವ ಕುದುರೆ.

"ಹ್ಞಾಂ. ಏನವ್ವಾ."

"ನರ್ಸಮ್ಮಾ..." ಅಂದಳು. ಅಷ್ಟೇ.

ಏನು ಹೇಳಬೇಕೆಂದು ನಾನು ಯೋಚಿಸಿರಲಿಲ್ಲ. ಅವಳ ಆಸೆಯನ್ನು ಬಲ್ಲವರು ನಾವು ಇಬ್ಬರೇ, ಅದರಲ್ಲಿ ಒಬ್ಬರು ಮಣ್ಣಲ್ಲಿದ್ದರು. ಅವರ ಬಾಯಿಂದ ಅವಳನ್ನು ಸೋಲಿಸಬೇಕಾಗಿತ್ತು.

"ಚೆನ್ನಾಗ್ ಮಾಡ್ದೆ ಕಣವ್ವ. ಕೇಳಿಸ್ಕಂಡೆ ಎಲ್ಲಾನೂ. ಈಗ ಒಂದ್ ಉಸ್ರು ತಗೊ." ಅವಳು ತೆಗೆದುಕೊಂಡಳು. "ತಡಿ." ತಡೆದಳು. ನನ್ನ ಕಣ್ಣೀರು ಬಾಯಿಗೆ ಬಂದಿತ್ತು, ಧ್ವನಿಗೆ ಬರಲಿಲ್ಲ. "ಬುಡು. ಉಸ್ರೂ ಬುಡು, ಇದ್ನೂ ಬುಡು. ಸಾಕು. ಬುಡವ್ವಾ."

ಬಹಳ ಹೊತ್ತು ಅನ್ನಿಸಿತು. ಬಹಳ ಹೊತ್ತಾಗಿರಲಾರದು.

"ಹೂಂ," ಅಂದಳು.

ಮಗ ಹುಟ್ಟಿದ. ಅತ್ತ. ಹಳೆಯ ಹೊಲಿಗೆ ಒಳಗೆ ಬಿಟ್ಟುಕೊಳ್ಳಲು ಶುರುವಾಗಿತ್ತು ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಅವರು ನೋಟ್‌ಬುಕ್ಕಿನ ಬಲಗಡೆ ಪುಟ ಓದಿದ್ದರು. ಒರೆಸಿದ ಕೂಡಲೇ ಮಗುವನ್ನು ಅವಳ ಎದೆಯ ಮೇಲೆ ಇಟ್ಟರಂತೆ, ಕೆಳಗೆ ಹೊಲಿಯುತ್ತಿದ್ದ ಹಾಗೇ. ಈ ಸಲ ಮುಖ ಸರಿಯಾಗಿ ನೋಡಿದೆ ಎಂದು ಹೇಳಿ ಹೆಂಡತಿ ಆ ಕಡೆ ತಿರುಗಿ ಅತ್ತಳು. ಮಗುವಿಗಲ್ಲ, ನೋವಿಗೂ ಅಲ್ಲ. ನಾನು ಏನೂ ಅನ್ನಲಿಲ್ಲ. ಬರೆದಿತ್ತಲ್ಲ, ಯಾರೂ ಏನೂ ಅನ್ನಬಾರದು ಎಂದು.

ಮೂರನೇ ದಿನ ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳೇ ಕೇಳಿದಳು.

"ಮಣ್ಣಿಗೆ ಹೋಗಿದ್ರಾ?"

ಚಮಚ ಬಟ್ಟಲಲ್ಲೇ ನಿಂತಿತು.

"ಎರಡನೇ ದಿನಾನೇ ಅವ್ರ ನಂಬರ್‌ಗೆ ಮಾಡಿದ್ದೆ ಕಣ್ರೀ. ತೊಟ್ಟಿಗೆ ಬಿದ್ದ ಫೋನು ರಿಂಗ್ ಆಯ್ತು. ಭಾಯಿ ಎತ್ತಿದ್ರು. ನಿಮ್ಗೆ ಹೇಳ್ಬೇಡಿ ಅಂತ ನಾನೇ ಅಂದೆ."

"ಮತ್ತೆ ದಿನಾ ಲೆಕ್ಕ ಒಪ್ಪಿಸ್ತಿದ್ದೆ? ಹನ್ನೊಂದ್ ಸಲ, ಒಂಬತ್ ಸಲ ಅಂತ?"

"ಕೇಳೋರು ಒಬ್ರು ಬೇಕಿತ್ತು." ಗಂಜಿ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನಿಮ್ಗೂ ಬೇಕಿತ್ತು ಅನ್ಸ್ತು."

"ಅವತ್ತು ಒಳಗೆ, ನರ್ಸಮ್ಮನೇ ಬರ್ಲಿ ಅಂತ ಕೂತ್ಯಲ್ಲ. ಸತ್ತವ್ರೆ ಅಂತ ಗೊತ್ತಿದ್ದೂ?"

"ನೀವ್ ಹೇಳಿದ್ರೆ ಜಗಳ ಆಡಿರ್ತಿದ್ದೆ. ಅವ್ರ್ ಜೊತೆ ಜಗಳ ಆಡಾಕಾಗಲ್ಲ." ಮಗುವಿನ ಟೋಪಿ ಸರಿಮಾಡಿದಳು. "ಅವ್ರೇ ಹೇಳ್ದಂಗಿತ್ತು. ಇನ್ಯಾವತ್ತೂ ಆ ಧ್ವನಿ ಮಾಡ್ಬೇಡಿ."

ಆಯಿತು ಅಂದೆ. ಯಾರ ಧ್ವನಿಯಲ್ಲಿ ಅಂದೆನೋ, ನೆನಪಿಲ್ಲ.

ಸೂತಕ ಕಳೆದ ಮೇಲೆ ಒಂದು ಸಂಜೆ ಭಾಯಿಯ ಅಂಗಡಿಗೆ ಹೋದೆ. ಅವನು ಯಾರದೋ ಕೋಟಿಗೆ ಅಸ್ತರು ಹಾಕುತ್ತಿದ್ದ. ಕೂರು ಎಂದು ಸ್ಟೂಲು ತಳ್ಳಿದ. ಮಗ ಹೇಗಿದ್ದಾನೆ, ಬಾಣಂತಿ ಹೇಗಿದ್ದಾಳೆ ಎಂದು ವಿಚಾರಿಸಿದ.

"ಅವತ್ತು ನಾನು ಮಾಯಸಂದ್ರದ ಕಡೆ ಇರ್ಲಿಲ್ಲ ಭಾಯಿ," ಅಂದೆ. "ಹೊನ್ನವಳ್ಳೀಲೇ ಇದ್ದೆ."

"ಗೊತ್ತು ಕಣಪ್ಪ. ಬಸುರಿ ಗಂಡ. ನಾನೂ ಇದೇ ಊರೋನಲ್ವಾ? ಕೇಳಬಾರದಿತ್ತು, ದುಃಖದಲ್ಲಿ ಕೇಳ್ಬುಟ್ಟೆ. ಗ್ಯಾರೇಜಿನ ಹುಸೇನಿ ಕೊಟ್ಟ ಹೆಗಲು. ಆಪಾ ಏನ್ ಭಾರ ಇರ್ಲಿಲ್ಲ."

ದಾರ ಕಚ್ಚಿ ತುಂಡು ಮಾಡಿದ. ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟ. ಆಮೇಲೆ ನನ್ನ ಮುಖ ನೋಡದೆ ಅಂದ:

"ದಿನಾ ಸಂಜೆ ಆಪಾ ಥರ ಮಾತಾಡ್ತಿದ್ದಂತೆ, ನಿನ್ ಹೆಂಡ್ರು ಹೇಳಿದ್ರು. ನಂಗೂ ಒಂದ್ಸಲ ಮಾತಾಡಪ್ಪ. ಹೆಚ್ಗೇನ್ ಬ್ಯಾಡ, ತಮ್ಮಾ ಊಟ ಆಯ್ತಾ ಅಂತ, ಅಷ್ಟೇ."

ಗಂಟಲಲ್ಲಿ ಎಲ್ಲವೂ ಸಿದ್ಧವಾಗಿತ್ತು, ಆ ಸಣ್ಣ ಸದ್ದು ಕೂಡ. ಹೆಂಡತಿಗೆ ಕೊಟ್ಟ ಮಾತು ಒಂದು ಕಡೆ. ಇನ್ನೊಂದು ಕಡೆ, ಆ ಧ್ವನಿಯಲ್ಲಿ ನಾನು ಕೊನೆಗೆ ಆಡಿದ ಮಾತು ಮೆಟ್ಟಿಲ ತಿರುವಿನಲ್ಲಿ ಇನ್ನೂ ನಿಂತಿತ್ತು. ಅದರ ಮೇಲೆ ಇನ್ನೊಂದು ಮಾತು ಇಡಲು ಮನಸ್ಸಾಗಲಿಲ್ಲ. ತಲೆ ಅಲ್ಲಾಡಿಸಿದೆ.

ಭಾಯಿ ಒತ್ತಾಯ ಮಾಡಲಿಲ್ಲ. ಕೋಟನ್ನು ಮಗುಚಿ ಹಾಕಿ, ಮತ್ತೆ ಸೂಜಿಗೆ ದಾರ ಪೋಣಿಸಲು ನೋಡಿದ. ಸಿಕ್ಕಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

"ನಂಗೆ ಮರ್ತೋಗ್ತಾ ಐತೆ ಕಣಪ್ಪ ಅವ್ಳ ಧ್ವನಿ," ಅಂದ. "ಅದಕ್ಕೇ ಕೇಳ್ದೆ."

ಆಗಲೂ ನಾನು ಬಾಯಿ ತೆರೆಯಲಿಲ್ಲ.